ಬೆರಳು ದಾಟಿದ ಏಳನೆಯ ಸಾಲು

ಮಾದೇವಿ, ನಿನ್ನ ಬಿಡುಗಡೆ ಪತ್ರದ ಏಳನೆಯ ಸಾಲನ್ನು ನಾನು ಬೇಕೆಂದೇ ಓದಲಿಲ್ಲ. ಕಣ್ಣು ಮಂಜಾಗಿರಲಿಲ್ಲ, ಅಕ್ಷರ ಅಳಿಸಿರಲಿಲ್ಲ, ಅವಸರವೂ ಇರಲಿಲ್ಲ. ನನ್ನ ತಮ್ಮ ನಂಜುಂಡ ನಿನ್ನನ್ನು ಬಿಟ್ಟ ದಿನ, ನೀನು ನನ್ನೊಬ್ಬಳನ್ನೇ ನಂಬಿ ಹೆಬ್ಬೆಟ್ಟು ಒತ್ತಿದ ದಿನ — ನಾನು ನಿನಗೆ ಮೋಸ ಮಾಡಿದೆ. ಇಷ್ಟು ಹೇಳಲು ಎಂಟು ವರ್ಷ ಬೇಕಾಯಿತು.

ತಮಿಳು ಸೀಮೆಗೆ ಸೇರಿದ ನಮ್ಮ ತಿಗನಾರೆಯಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಕಾಗದ ತಮಿಳು. ತಮಿಳು ಮಾತು ಎಲ್ಲರ ಬಾಯಲ್ಲೂ ಇದೆ, ಓದುವುದಕ್ಕೆ ಮಾತ್ರ ಯಾರನ್ನಾದರೂ ಹುಡುಕಬೇಕು. ಸತ್ಯಮಂಗಲದ ಸೋದರಮಾವನ ಮನೆಯಲ್ಲಿದ್ದು ಎಂಟನೆಯ ತರಗತಿವರೆಗೆ ತಮಿಳಿನಲ್ಲಿ ಓದಿದವಳು ನಾನು. ಊರಲ್ಲಿ ಯಾರಿಗೆ ಕಾಗದ ಬಂದರೂ ಅದು ನಮ್ಮ ಜಗಲಿಗೇ ಬರುತ್ತಿತ್ತು. ನಾನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ, ಜನ ತಲೆಯಾಡಿಸುತ್ತಿದ್ದರು. ಸಾಲಿನ ಕೆಳಗೆ ಬೆರಳಿಟ್ಟು ಓದುವ ಚಿಕ್ಕಮಕ್ಕಳ ಚಾಳಿ ನನ್ನನ್ನು ಇನ್ನೂ ಬಿಟ್ಟಿಲ್ಲ. ಆ ಬೆರಳೇ ಒಂದು ದಿನ ನನ್ನ ಮೇಲೆ ಸಾಕ್ಷಿ ಹೇಳುತ್ತದೆಂದು ನಾನೇನು ಬಲ್ಲೆ...

ನಂಜುಂಡ ತಾಳವಾಡಿಯಲ್ಲಿ ಇನ್ನೊಬ್ಬಳ ಸಹವಾಸ ಮಾಡಿದ್ದ. ನಿನ್ನ ಕಂಕುಳಲ್ಲಿ ಎರಡು ವರ್ಷದ ಗೌರಿ. ಹಿರಿಯರು ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ನ್ಯಾಯ ಸೇರಿಸಿದರು. ಪತ್ರ ಮೊದಲೇ ಬರೆಸಿಯಾಗಿತ್ತು. ಕಟ್ಟೆಗೆ ಹೊರಡುವ ಮುಂಚೆ ನಂಜುಂಡ ನನ್ನನ್ನು ದನದ ಕೊಟ್ಟಿಗೆಗೆ ಕರೆದ.

“ಏಳ್ನೇ ಸಾಲು ಬುಟ್ಟು ಓದಕ್ಕ. ಇಲ್ಲಾಂದ್ರೆ ಅವ್ಳ ಜೊತೇಲೆ ನೀನೂ ಗಂಟು ಕಟ್ಕೊ.”

ಮೂವತ್ತಕ್ಕೇ ಗಂಡ ಸತ್ತು, ಗಂಡನ ಮನೆಯವರು ಒಂದು ಟ್ರಂಕು ಕೊಟ್ಟು ಕಳಿಸಿದ ಹೆಂಗಸು ನಾನು. ತಮ್ಮನ ಸೂರು ಬಿಟ್ಟರೆ ಬೇರೆ ಇರಲಿಲ್ಲ. ನೆಪ ಹೇಳುತ್ತಿಲ್ಲ ಮಾದೇವಿ. ಬರಿಗೈಯಲ್ಲಿ ಹೊರಬೀಳುವುದು ಎಂಥ ಸಂಕಟವೆಂದು ಆ ಊರಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದೂ —

ಕಟ್ಟೆಯ ಮೇಲೆ ಯಾರೋ ಪತ್ರ ಓದಲು ಮುಂದೆ ಬಂದಾಗ ನೀನು ತಡೆದೆ. “ಬ್ಯಾಡಿ, ನಮ್ಮಕ್ಕ ಓದ್ಲಿ. ನೀವೇ ಓದೇಳಿ ಅಕ್ಕ, ನಿಮ್ ಬಾಯಿಂದ ಬಂದ್ರೆ ನಂಗೆ ಸಾಕು.”

ಓದಿದೆ. ಮಗು ತಾಯಿಯ ಹತ್ತಿರ ಇರತಕ್ಕದ್ದು, ಓದಿದೆ. ತವರಿನಿಂದ ತಂದ ಹಸು ಅವಳದೇ, ಓದಿದೆ. ಆಮೇಲೆ ಬೆರಳು ಎಂಟನೆಯ ಸಾಲಿಗೆ ಹೋಯಿತು. ನಾನು ಬಿಟ್ಟಿದ್ದು ಇದು: “ನಾವಿಬ್ಬರೂ ಮನಸಾರೆ ಒಪ್ಪಿ ಬೇರೆಯಾಗುತ್ತಿದ್ದೇವೆ, ನಾನು ಇನ್ನು ಮುಂದೆ ಗಂಡನಿಂದ ಜೀವನಾಂಶ ಕೇಳುವುದಿಲ್ಲ.” ನೀನು ಹೆಬ್ಬೆಟ್ಟು ಒತ್ತಿ, ನನ್ನ ಕಾಲು ಮುಟ್ಟಿ, ಹಸು ಹಿಡಿದುಕೊಂಡು ತಾಳಮಲೆಯ ತವರಿಗೆ ಹೋದೆ. ಆ ರಾತ್ರಿಯ ರಾಗಿಮುದ್ದೆ ನನ್ನ ಗಂಟಲಲ್ಲಿ ಇಳಿಯಿತು. ಅದನ್ನೂ ಹೇಳಿಬಿಡಬೇಕು — ಇಳಿಯಿತು.

ಮೂರು ವರ್ಷದ ಮೇಲೆ ನೀನು ಸತ್ಯಮಂಗಲದ ಕೋರ್ಟಿನಲ್ಲಿ ಜೀವನಾಂಶಕ್ಕೆ ಅರ್ಜಿ ಹಾಕಿದೆ. ನಂಜುಂಡ ಆ ಪತ್ರವನ್ನೇ ಮುಂದಿಟ್ಟ. ಒಪ್ಪಿ ಬೇರೆಯಾದ ಹೆಂಡತಿಗೆ ಜೀವನಾಂಶವಿಲ್ಲ ಎಂಬುದು ಅವನ ವಾದ. ಪತ್ರವನ್ನು ನಿನಗೆ ಪೂರ್ತಿ ಓದಿ ಹೇಳಲಿಲ್ಲ ಎಂದು ತೋರಿಸಿದರೆ ಗೆಲ್ಲಬಹುದೆಂದು ನಿನ್ನ ವಕೀಲರು ಕಾದಿದ್ದರು. ಸುಳ್ಳು ಹೇಳಲು ಸಿದ್ಧಳಾಗಿ ನಾನೂ ಹೋಗಿದ್ದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಬೆಂಚಿನ ಮೇಲೆ ಕೂತು ಬೆವರುತ್ತಿದ್ದೆ. ನನಗಿಂತ ಮೊದಲು ನಿನ್ನನ್ನು ಕರೆದರು.

ಪೂರ್ತಿ ಓದಿ ಹೇಳಿದರೇ ಎಂದು ಕೇಳಿದರು. ನೀನು ಒಮ್ಮೆ ನನ್ನ ಕಡೆ ನೋಡಿದೆ. ನಮ್ಮಕ್ಕನೇ ಓದಿದರು, ಪೂರ್ತಿ ಓದಿದರು, ಅವರ ಮೇಲೆ ನನ್ನ ದೂರಿಲ್ಲ ಎಂದೆ. ನಿನ್ನ ವಕೀಲರು ಕಾಗದಗಳನ್ನು ಮಡಚಿಟ್ಟರು. ನನ್ನನ್ನು ಕರೆಯುವ ಅಗತ್ಯವೇ ಬೀಳಲಿಲ್ಲ. ಗೌರಿಯ ಪಾಲಿಗೆ ತಿಂಗಳು ತಿಂಗಳು ಕೊಡಬೇಕೆಂದು ತೀರ್ಪಾಯಿತು. ಮಗುವಿನ ಹಕ್ಕನ್ನು ತಾಯಿ ಬರೆದುಕೊಡಲಾಗದಂತೆ. ನಿನಗೆ ಏನೂ ಸಿಗಲಿಲ್ಲ.

ಸಂಜೆಯ ಬಸ್ಸಿನಲ್ಲಿ ನೀನೇ ಬಂದು ನನ್ನ ಪಕ್ಕ ಕೂತೆ. ದಿಂಬಂ ಘಾಟಿಯಲ್ಲಿ ಆನೆ ಅಡ್ಡ ಬಂದು ಬಸ್ಸು ನಿಂತಿತು. ಎಲ್ಲರೂ ಕಿಟಕಿಗೆ ಕತ್ತು ಚಾಚಿದರು. ಆಗ ನೀನು ಮೆಲ್ಲಗೆ ಹೇಳಿದೆ: “ಅವತ್ತು ನಿಮ್ ಬೆಳ್ಳು ಒಂದು ಸಾಲ್ನ ದಾಟ್ತು ಕಣಕ್ಕ. ನಾ ನೋಡ್ದೆ.”

“ಗೊತ್ತಿದ್ದೂ ಯಾಕವ್ವ ಒತ್ತಿದೆ?”

“ನಿಮ್ ಬೆಳ್ಳು ನಡುಗ್ತಿತ್ತು. ನಂಗೆ ಕೈಕಾಲು ಗಟ್ಟಿ ಅದೆ, ಎಲ್ಲಾದ್ರೂ ಕೂಲಿ ಮಾಡ್ತೀನಿ. ಆ ಮನೆ ಬುಟ್ರೆ ನಿಮ್ಗೆ ಇನ್ನೇನದೆ?”

ಜನ ಆನೆಯನ್ನು ನೋಡುತ್ತಿದ್ದರು. ನಾನು ನಿನ್ನನ್ನೇ ನೋಡುತ್ತಿದ್ದೆ. ಓದು ಬಾರದವಳು, ಗಂಡ ಬಿಟ್ಟವಳು, ಕೋರ್ಟಿನಲ್ಲಿ ಸೋತವಳು — ನನಗೆ ಮಾತ್ರ ಅಷ್ಟು ದೊಡ್ಡ ಜೀವವೊಂದರ ಪಕ್ಕ ಕೂರುವ ಯೋಗ್ಯತೆ ಇಲ್ಲವೆನ್ನಿಸಿತು. ಕೈಮುಗಿಯಬೇಕೆನ್ನಿಸಿತು, ಅದೂ ಆಗಲಿಲ್ಲ. ಅಷ್ಟು ಕಂಡ ಮೇಲೂ ಐದು ವರ್ಷ ಬಾಯಿ ಮುಚ್ಚಿಕೊಂಡು ಅದೇ ಮನೆಯಲ್ಲಿ ಉಂಡೆ ನೋಡು, ಮೊದಲಿನ ತಪ್ಪಿಗಿಂತ ಇದೇ ದೊಡ್ಡದು.

ಹೋದ ತಿಂಗಳು ಗೊತ್ತಾಯಿತು. ಯಾರದೋ ಜೋಳದ ಹೊಲದಲ್ಲಿ ಕಾಡುಹಂದಿ ಬಾರದಂತೆ ಕಾಯುವಾಗ ಅಟ್ಟಣೆಯಿಂದ ಬಿದ್ದೆಯಂತೆ, ಬಲಗೈ ಮುಷ್ಟಿ ಕಟ್ಟುವುದಿಲ್ಲವಂತೆ. ನೀನು ನಂಬಿದ್ದ ಆ ಗಟ್ಟಿ ಕೈ.

ನಿನ್ನ ವಕೀಲರಿಗೆ ಅಂಗಡಿಯ ಕಾಯಿನ್ ಫೋನಿನಿಂದ ಮಾತಾಡಿದೆ. ನಾನು ಪ್ರಮಾಣ ಮಾಡಿ ನಿಜ ಹೇಳಿದರೆ ಮತ್ತೆ ಅರ್ಜಿ ಹಾಕಿ ನೋಡಬಹುದಂತೆ. ಸಿಕ್ಕೇ ಸಿಗುತ್ತದೆ ಅನ್ನಲಾರರಂತೆ. ನಿಮಗೂ ತೊಂದರೆಯಾದೀತು ಎಂದರು. ಆಗಲಿ. ನಿನ್ನೆ ನಂಜುಂಡನಿಗೂ ಹೇಳಿದೆ. ಅವನು ನನ್ನ ಟ್ರಂಕನ್ನು ತಂದು ಹೊಸಲಿನಾಚೆ ಇಟ್ಟ.

ಸೋಮವಾರ ಬೆಳಗಿನ ಬಸ್ಸಿಗೆ ಸತ್ಯಮಂಗಲಕ್ಕೆ ಹೋಗುತ್ತೇನೆ. ನೀನು ಬಂದರೂ ಸರಿ, ಬಾರದಿದ್ದರೂ ಸರಿ. ಈ ಕಾಗದವನ್ನು ಗೌರಿಯ ಕೈಯಲ್ಲಿ ಓದಿಸು. ಹತ್ತು ವರ್ಷದ ಹುಡುಗಿ, ತನ್ನ ಸೋದರತ್ತೆ ಎಂಥವಳೆಂದು ಅವಳಿಗೂ ತಿಳಿಯಲಿ. ಅವಳು ಓದುವಾಗ ಪಕ್ಕದಲ್ಲೇ ಕೂತು ಬೆರಳು ನೋಡುತ್ತಿರು ಮಾದೇವಿ. ಒಂದು ಸಾಲೂ ಬಿಡಬಾರದು.