ಬರೆದಷ್ಟೇ ತೂಗಿದ ಚೀಲ

ಹುಚ್ಚರಾಯಪ್ಪನನ್ನು ಮಾರಾಟಕ್ಕಿಟ್ಟರೆ ಗಿರಾಕಿ ಒಂದು ಸಲ ನೋಡಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಎತ್ತರ ಐದಡಿ ಮೂರಂಗುಲ, ವಯಸ್ಸು ಐವತ್ತೆರಡು, ಎಡಗಿವಿ ಮಂದ, ಮೇಲಿನ ಸಾಲಿನಲ್ಲಿ ಎರಡು ಹಲ್ಲು ಖೋತಾ. ತೋಳು ನೋಡಿದರೆ ಹಮಾಲನದಲ್ಲ, ಬರೆಯುವ ಗುಮಾಸ್ತನದು ಅನ್ನಬೇಕು. ಮಾಲನ್ನು ತಿರುವಿ ನೋಡುವ ಅಭ್ಯಾಸ ಇದ್ದವನಿಗೆ ಮಾತ್ರ ಅವನ ಮೀನಖಂಡ ಕಣ್ಣಿಗೆ ಬೀಳುತ್ತದೆ. ಹಿಮ್ಮಡಿಯ ಮೇಲಿನ ನರ ಲಾರಿಗೆ ಬಿಗಿದ ಹಗ್ಗದ ಹಾಗಿದೆ. ಮೂವತ್ತು ವರ್ಷ ಚೀಲ ಹೊತ್ತವನ ಮೈ ದಪ್ಪ ಆಗಬೇಕಿತ್ತು, ಆಗಿಲ್ಲ. ಶಿಕಾರಿಪುರದ ಗೋವಿನಜೋಳದ ವರ್ತಕ ವೀರಬಸಪ್ಪ ಇದನ್ನು ದಿನಾ ನೋಡುತ್ತಿದ್ದ. ಯಾಕೆ ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಉಡುತಡಿಯ ಈ ಮನುಷ್ಯನಿಗೆ ಇನ್ನೊಂದು ಗುಣವಿದೆ. ಚೀಲ ಬೆನ್ನಿಗೆ ಬಿದ್ದ ಕೂಡಲೇ ಅದರ ತೂಕವನ್ನು ಅರ್ಧ ಕೆಜಿ ಹೆಚ್ಚುಕಮ್ಮಿಯಲ್ಲಿ ಹೇಳುತ್ತಾನೆ. ಎಲೆಕ್ಟ್ರಾನಿಕ್ ಕಾಟಾ ಬಂದ ಮೇಲೂ ರೈತರು ಮೊದಲು ಕಾಟಾ ನೋಡುತ್ತಾರೆ, ಆಮೇಲೆ ಹುಚ್ಚರಾಯಪ್ಪನ ಮುಖ ನೋಡುತ್ತಾರೆ. ವೀರಬಸಪ್ಪನ ಗೋದಾಮಿನಲ್ಲಿ ತೂಕ ಸರಿ ಅನ್ನುವ ಹೆಸರಿನಲ್ಲಿ ಆ ಮುಖದ ಪಾಲೂ ಇದೆ. ಅದೇ ಮುಖ ಸಾವ್ಕಾರನ ನಿದ್ದೆ ಕೆಡಿಸಿದ್ದು ಮಗಳ ವಿಷಯದಲ್ಲಿ.

ವೀರಬಸಪ್ಪನ ಮಗಳು ಗಂಗಾಶ್ರೀಗೆ ಹತ್ತೊಂಬತ್ತು. ಆರು ಕಿಲೋಮೀಟರಿನ ಕ್ರಾಸ್ ಕಂಟ್ರಿ ಓಡುತ್ತಾಳೆ. ಜಿಲ್ಲಾ ತಂಡಕ್ಕೆ ಆರಿಸುವುದು ಆರೇ ಜನರನ್ನು. ಆಚೆ ವರ್ಷ ಅವಳು ಒಂಬತ್ತನೆಯವಳು, ಕಳೆದ ವರ್ಷ ಏಳನೆಯವಳು. ಎರಡು ಸಲವೂ ಐದು ಕಿಲೋಮೀಟರ್ ತನಕ ಮುಂದಿನ ನಾಲ್ವರಲ್ಲಿದ್ದು, ಕೊನೆಯದರಲ್ಲಿ ಕಾಲು ಕೈಕೊಟ್ಟಿತ್ತು. ಇಪ್ಪತ್ತರ ಒಳಗಿನವರ ಓಟಕ್ಕೆ ಅವಳಿಗೆ ಇದೇ ಕೊನೆಯ ವರ್ಷ. ಈ ಡಿಸೆಂಬರ್ ತಪ್ಪಿದರೆ ಮತ್ತೆ ಕೇಳುವಂತಿಲ್ಲ.

ಸೊರಬದಲ್ಲಿ ಅವಳಿಗೆ ಓಟ ಕಲಿಸುವ ಕರುಣಾ ಮೇಡಂ ಕುಪ್ಪಗಡ್ಡೆಯವರು. ವೀರಬಸಪ್ಪನನ್ನು ಮೈದಾನಕ್ಕೇ ಕರೆಸಿ ಹೇಳಿದರು. “ಇವಳಿಗೆ ಉಸಿರು ಸಾಕಾಗ್ತದೆ ಮಾರಾಯ್ರೆ, ಕಾಲಿನ ಬಲ ಸಾಲ್ತಾ ಇಲ್ಲ. ಇನ್ನೂ ಓಡಿಸಿ ಪ್ರಯೋಜನ ಇಲ್ಲ. ಭಾರ ಎತ್ತಿಸ್ಬೇಕು. ಹನ್ನೆರಡು ವಾರ, ವಾರಕ್ಕೆ ಎರಡು ದಿನ.”

“ಎಲ್ಲಿ ಎತ್ತೋದು ಮೇಡಂ?”

“ಚೀಲ ನಿಮ್ಮಲ್ಲಿದೆ, ಎತ್ತೋದು ಗೊತ್ತಿರೋರೂ ನಿಮ್ಮಲ್ಲೇ ಇದ್ದಾರೆ. ಇನ್ನೇನು ಬೇಕು?”

ಚೀಟಿ ಬರೆದು ಕೊಟ್ಟರು. ಬೆನ್ನ ಮೇಲೆ ಚೀಲ ಹೊತ್ತು ಕುರ್ಚಿಯ ಎತ್ತರಕ್ಕೆ ಕೂತು ಏಳುವುದು, ಐದು ಸಲ. ಮೂರು ನಿಮಿಷ ವಿಶ್ರಾಂತಿ. ಹೀಗೆ ನಾಲ್ಕು ಸುತ್ತು. ಮೊದಲ ವಾರ ಮೂವತ್ತು ಕೆಜಿ, ಆಮೇಲೆ ವಾರಕ್ಕೆ ಎರಡೆರಡು ಏರಿಸಿ ಹತ್ತನೇ ವಾರಕ್ಕೆ ನಲವತ್ತೆಂಟು.

“ಐದು ಸಲ ಎತ್ತಿ ಮೂರು ನಿಮಿಷ ಕೂರೋದಾ?” ವೀರಬಸಪ್ಪ ಗೋದಾಮಿನಲ್ಲಿ ಚೀಟಿ ಓದಿ ನಕ್ಕ. “ಈ ಲೆಕ್ಕದಲ್ಲಿ ನನ್ನ ಲಾರಿ ಯುಗಾದಿಗೆ ಲೋಡ್ ಆಗುತ್ತೆ.”

ಹುಚ್ಚರಾಯಪ್ಪ ನಗಲಿಲ್ಲ. “ಮೇಡಮ್ಮಾರು ಸರಿಯಾಗೇ ಬರ್ದಾರ್ರಿ. ಅರವತ್ತು ಕೆಜಿಗೇ ಜೀವ ಬಿಡೋನು ಹತ್ತನೇ ಚೀಲಕ್ಕೆ ಕೈ ನಡುಗಿಸ್ತಾನೆ. ನೂರು ಎತ್ತೋನಿಗೆ ಅರವತ್ತು ಆಟ, ಸಂಜೀತನಕ ಹೊರ್ತಾನೆ. ಓಟದಾಗೂ ಒಂದೊಂದು ಹೆಜ್ಜೀನೂ ಒಂದೊಂದು ಚೀಲಾನೇ ಅಲ್ಲೇನ್ರಿ?”

ಮೊದಲ ಎರಡು ವಾರ ಸರಿಯಾಗಿ ನಡೆಯಿತು. ಬೆನ್ನು ಬಗ್ಗದ ಹಾಗೆ, ಮೊಣಕಾಲು ಒಳಗೆ ಸರಿಯದ ಹಾಗೆ ಹುಚ್ಚರಾಯಪ್ಪ ಕಲಿಸಿದ. ಮೂರನೇ ವಾರದಿಂದ ವೀರಬಸಪ್ಪನ ಧೈರ್ಯ ಕರಗಿತು. ಇಪ್ಪತ್ತೈದನೇ ವಯಸ್ಸಿನಲ್ಲಿ ಹುಡುಗಾಟಕ್ಕೆ ಚೀಲ ಎತ್ತಲು ಹೋಗಿ ಎರಡು ತಿಂಗಳು ಹಲಗೆಯ ಮೇಲೆ ಮಲಗಿದ್ದವನು ಅವನು. ಮಗಳು ಇರುವುದೇ ನಲವತ್ತಾರು ಕೆಜಿ. ಸೊಂಟ ಹಿಡಿದರೆ? ಕಾಲು ದಪ್ಪವಾಗಿ ಇರುವ ಓಟವೂ ಹೋದರೆ? ಬೇಡ ಅಂದರೆ ಅವಳು ಕೇಳುವವಳಲ್ಲ. ಹೇಗೂ ಪ್ರತಿ ಭಾನುವಾರ ಚೀಲ ತುಂಬಿ, ತೂಗಿ, ಮೇಲೆ ಬಣ್ಣದಲ್ಲಿ ಅಂಕಿ ಬರೆಯುವ ಕೆಲಸ ಅವನದೇ ಆಗಿತ್ತು. ಆ ಭಾನುವಾರ ಅಂಕಿ ಮಾತ್ರ ಬದಲಾಯಿಸಿದ. ಮೂವತ್ತೆರಡರ ಚೀಲದ ಮೇಲೆ ಮೂವತ್ತನಾಲ್ಕು ಅಂತ ಬರೆದ. ಮುಂದಿನ ವಾರ ಅದೇ ಚೀಲಕ್ಕೆ ಮೂವತ್ತಾರು. ಇಡೀ ತಾಲೂಕಿನ ಜೋಳ ತೂಗಿದವನು ಸ್ವಂತ ಮಗಳಿಗೆ ತೂಕದಲ್ಲಿ ಹೊಡೆದ.

ಗಂಗಾಶ್ರೀಗೆ ಖುಷಿಯೋ ಖುಷಿ. “ಅಪ್ಪಾಜಿ, ನಲವತ್ತಂತೂ ಏನೂ ಅನ್ನಿಸ್ಲೇ ಇಲ್ಲ.”

“ಬಲ ಬಂದಿದೆ ಬಿಡಮ್ಮ,” ಅಂದ ವೀರಬಸಪ್ಪ. ಚೀಲವನ್ನು ಅವಳ ಬೆನ್ನಿಗೆ ಕೊಡುತ್ತಿದ್ದವನು ಹುಚ್ಚರಾಯಪ್ಪ. ಅವನು ಸಾವ್ಕಾರನನ್ನು ಒಮ್ಮೆ ನೋಡಿ, ಅಲ್ಲೇ ಇದ್ದ ಪೊರಕೆ ತೆಗೆದುಕೊಂಡು ಆಗಲೇ ಗುಡಿಸಿದ್ದ ನೆಲವನ್ನು ಮತ್ತೆ ಗುಡಿಸಿದ.

ಆರನೇ ವಾರದ ಕೊನೆಗೆ ಸೊರಬದಲ್ಲಿ ಪರೀಕ್ಷೆಯ ಓಟ. ಗಡಿಯಾರ ಹಳೇ ಸಮಯವನ್ನೇ ತೋರಿಸಿತು, ಮೇಲೆ ಎರಡು ಸೆಕೆಂಡು ಹೆಚ್ಚು. ಅಂದು ಸಂಜೆ ಕರುಣಾ ಮೇಡಂ ಫೋನ್ ಮಾಡಿದರು.

“ನಂಗೆ ಅರ್ಥ ಆಗ್ತಾ ಇಲ್ಲ ವೀರಬಸಪ್ಪನೋರೆ. ಇಷ್ಟು ಬೇಗ ಮಾಂಸಖಂಡ ದಪ್ಪ ಆಗಲ್ಲ, ಇಷ್ಟು ಓಡೋರಿಗೆ ಆಮೇಲೂ ಹೆಚ್ಚು ಆಗಲ್ಲ. ಆದ್ರೆ ಇರೋ ಮಾಂಸಖಂಡಾನ ಪೂರ್ತಿ ಕೆಲಸಕ್ಕೆ ಕರೆಯೋದನ್ನ ಮಿದುಳು ಕಲೀತದೆ. ಹಿಮ್ಮಡಿ ನರ ಬಿಗಿಯಾಗಿ ಸ್ಪ್ರಿಂಗ್ ಥರ ಎಸೀತದೆ. ಅದೇ ವೇಗಕ್ಕೆ ಕಮ್ಮಿ ಉಸಿರು ಸಾಕಾಗ್ತದೆ. ನಲವತ್ತು ಎತ್ತೋಳಿಗೆ ಸ್ವಲ್ಪ ಆದ್ರೂ ಕಾಣ್ಬೇಕಿತ್ತು. ಕೆಲವರ ಮೈಗೆ ಹತ್ತೋದಿಲ್ವೇನೋ. ನಿಲ್ಸೋದಾ?”

ನಿಲ್ಲಿಸಿ ಅನ್ನಲು ವೀರಬಸಪ್ಪನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ. ಪಕ್ಕದಲ್ಲೇ ಕೂತಿದ್ದ ಗಂಗಾಶ್ರೀ ಬೂಟಿನ ದಾರ ಬಿಚ್ಚುತ್ತಾ, “ನನ್ನ ಮೈಯೇ ಸರಿ ಇಲ್ಲ ಬಿಡಿ,” ಅಂದಳು. ಇನ್ನೂ ಸ್ವಲ್ಪ ದಿನ ನೋಡೋಣ ಮೇಡಂ ಅಂತ ಹೇಳಿ ಅವನು ಫೋನ್ ಇಟ್ಟ.

ಏಳನೇ ವಾರದಿಂದ ಅವಳ ರಾಗ ಬದಲಾಯಿತು. “ಭಾರ ಆಗ್ತಿದೆ ಅಪ್ಪಾಜಿ. ನಾಲ್ಕನೇ ಸುತ್ತಿಗೆ ತೊಡೆ ನಡುಗ್ತಿದೆ. ದಿನಾ ವೀಕ್ ಆಗ್ತಿದೀನಿ.” ವೀರಬಸಪ್ಪ ತಲೆ ಕೆರೆದುಕೊಂಡ. ಇರುವುದು ಅದೇ ಮೂವತ್ತೆರಡು, ಏಳು ವಾರವಾದ ಮೇಲೆ ಭಾರ ಆಗುವುದು ಹೇಗೆ? ಎಂಟನೇ ವಾರ ಅವಳು ಮನೆಗೆ ಹೋದ ಮೇಲೆ ನಲವತ್ತನಾಲ್ಕು ಅಂತ ಬರೆದಿದ್ದ ಚೀಲವನ್ನು ಕಾಟಾದ ಮೇಲೆ ಎಳೆದಿಟ್ಟ. ನಲವತ್ತು ತೋರಿಸಿತು.

ಬಾಯಿ ಹೊಲಿಗೆ ಬೇರೆಯವರದು. ಗೋದಾಮಿನಲ್ಲಿ ಹಾಗೆ ಹತ್ತಿರ ಹತ್ತಿರ ಹೊಲಿಗೆ ಹಾಕುವವನು ಒಬ್ಬನೇ.

“ಚೀಲ ಬೆಳೆದಿದೆಯಲ್ಲ ಹುಚ್ಚರಾಯಪ್ಪ?”

“ಜ್ವಾಳ ಅಲ್ರೀ, ಬೆಳೀತೈತಿ.” ಅವನು ಹತ್ತಿರ ಬಂದು ನಿಂತ. “ಹೋದ ವಾರದಿಂದ ಸಲಕ್ಕೆ ಎರಡು ಕೆಜಿ ಹಾಕ್ಕೊಂತ ಬಂದೀನ್ರಿ. ಹತ್ತನೇ ವಾರಕ್ಕೆ ನೀವು ಬರೆದಿದ್ದೂ ಚೀಲದಾಗಿರೋದೂ ಒಂದಾಗ್ತಾವು.”

“ಅವಳ ಸೊಂಟ ಹಿಡಿದ್ರೆ?”

“ನನ್ನ ಹೆಸರು ಹೇಳ್ರಿ. ಹಮಾಲ ಹಾಳು ಮಾಡಿದ ಅಂದ್ರೆ ಊರೇ ನಂಬ್ತೈತಿ.”

“ಯಾರನ್ನ ಕೇಳಿ ಮಾಡಿದೆ?”

“ನೀವು ಯಾರನ್ನ ಕೇಳಿದ್ರಿ?” ದನಿ ಏರಿಸಲಿಲ್ಲ ಹುಚ್ಚರಾಯಪ್ಪ. “ಇಪ್ಪತ್ತೆರಡು ವರ್ಷದಾಗ ಒಬ್ಬ ರೈತನಿಗೂ ನೀವು ತೂಕದಾಗ ಹೊಡೆದಿದ್ದು ನಾ ಕಂಡಿಲ್ಲ. ಅದಕ್ಕೇ ಇಲ್ಲಿದೀನಿ. ಆ ಹುಡುಗಿ ತನ್ನ ಮೈ ಸರಿ ಇಲ್ಲ ಅಂತ ಅಳ್ತಾಳೆ. ಸರಿ ಇಲ್ದಿದ್ದು ಚೀಲ. ಅವಳಿಗೆ ಹೇಳಲ್ಲ ನಾನು, ಹೇಳೋರು ನೀವು. ಇಲ್ಲಾಂದ್ರೆ ಈಗ್ಲೇ ಬ್ಯಾಡ ಅನ್ರಿ, ನಾಳೆಯಿಂದ ಬೇರೆ ಗೋದಾಮು ನೋಡ್ಕೊಂತೀನಿ.”

ವೀರಬಸಪ್ಪ ಬಣ್ಣದ ಡಬ್ಬಿಯ ಮುಚ್ಚಳ ಬಿಗಿ ಮಾಡಿದ, ಮತ್ತೆ ಸಡಿಲ ಮಾಡಿದ. ಬೇಡ ಅನ್ನಲಿಲ್ಲ. ಅದಾದ ನಾಲ್ಕು ಸಲವೂ ಗೋದಾಮಿನ ಬಾಗಿಲಲ್ಲಿ ನಿಂತು, ಮಗಳು ಕೂತಾಗ ಉಸಿರು ಹಿಡಿದು, ಎದ್ದಾಗ ಬಿಟ್ಟ. ಹತ್ತನೇ ವಾರದ ಎರಡನೇ ದಿನ ಕಾಟಾ ನಲವತ್ತೆಂಟು ತೋರಿಸಿತು, ಚೀಲದ ಮೇಲೂ ಅದೇ ಇತ್ತು. ಮಗಳನ್ನು ತೂಗಿದ. ನಲವತ್ತಾರೂವರೆ. ಅವನು ಹೆದರಿದ ದಪ್ಪ ಅಷ್ಟೇ. ಕೊನೆಯ ಎರಡು ವಾರ ಮೇಡಂ ಹೇಳಿದಂತೆ ಭಾರ ಇಳಿಸಿ ಕಾಲಿಗೆ ಬಿಡುವು ಕೊಟ್ಟರು.

ಆಯ್ಕೆಯ ಓಟ ಸೊರಬದಲ್ಲಿ. ಕೊಯ್ದ ಗದ್ದೆಯ ಬಯಲಲ್ಲಿ ಸುತ್ತು, ಸುತ್ತಿನ ಕೊನೆಗೆ ಕೆರೆ ಏರಿ ಹತ್ತಿ ಇಳಿಯಬೇಕು. ಮೂರು ಸುತ್ತು. ಗಂಗಾಶ್ರೀ ಮೊದಲ ಸುತ್ತಿನಲ್ಲಿ ಎಂಟನೆಯವಳು. ಎರಡನೆಯದರಲ್ಲೂ ಎಂಟು. ವೀರಬಸಪ್ಪ ತಾನು ಕದ್ದ ನಾಲ್ಕು ವಾರವನ್ನು ಬೆರಳಲ್ಲಿ ಎಣಿಸುತ್ತಿದ್ದ.

“ಮುಂದಿನೋರ ಭುಜ ನೋಡ್ರಿ,” ಅಂದ ಹುಚ್ಚರಾಯಪ್ಪ. “ಕಿವಿಗೆ ಹತ್ತಿದಾವು. ಅವರಿಗೆ ಚೀಲ ಭಾರ ಆಗೈತಿ. ನಮ್ಮ ಹುಡುಗಿ ಭುಜ ಇನ್ನೂ ಇಳಿದೇ ಐತಿ.”

ಕೊನೆಯ ಸಲ ಏರಿಯ ಬುಡಕ್ಕೆ ಬಂದಾಗ ಮುಂದಿದ್ದ ಹುಡುಗಿಯರ ಹೆಜ್ಜೆ ಗಿಡ್ಡವಾಯಿತು. ಗಂಗಾಶ್ರೀಯದು ಆಗಲಿಲ್ಲ. ಅರ್ಧ ಏರಿಯಲ್ಲಿ ಒಬ್ಬಳನ್ನು ಹಿಂದೆ ಹಾಕಿ ಏಳನೆಯವಳಾದಳು. ಮೇಲೆ ತಲುಪುವಾಗ ಆರನೆಯವಳ ಜೊತೆ ಭುಜಕ್ಕೆ ಭುಜ. ಇಳಿಜಾರಿನಲ್ಲಿ ಇಬ್ಬರೂ ಬಿದ್ದೇ ಹೋದರು ಅನ್ನುವ ಹಾಗೆ ಬಂದರು. ಗೆರೆಯಲ್ಲಿದ್ದ ಕರುಣಾ ಮೇಡಂ ಎರಡೂ ಕೈ ಎತ್ತಿ ಆರು ಬೆರಳು ತೋರಿಸಿದಾಗಲೂ ಆ ಆರು ಯಾರು ಅಂತ ವೀರಬಸಪ್ಪನಿಗೆ ಗೊತ್ತಾಗಲಿಲ್ಲ. ಹುಚ್ಚರಾಯಪ್ಪ ಎರಡು ಹಲ್ಲಿಲ್ಲದ ಬಾಯಿ ಬಿಟ್ಟು ನಗುತ್ತಿದ್ದದ್ದು ನೋಡಿ ಗೊತ್ತಾಯಿತು.

“ಏರಿ ಹತ್ತುವಾಗ ಒಂದೇ ನೆನೆಸ್ಕೊಂಡೆ ಅಪ್ಪಾಜಿ,” ಅಂದಳು ಅವಳು ಏದುತ್ತಾ. “ನಲವತ್ತು ಎತ್ತಿದೀನಿ, ನಲವತ್ತೆಂಟೂ ಎತ್ತಿದೀನಿ ಅಂತ.”

ವೀರಬಸಪ್ಪ ಅಲ್ಲೇ ಎಲ್ಲವನ್ನೂ ಹೇಳಿದ. ವ್ಯಾಪಾರದಲ್ಲಿ ಅವನು ಇಷ್ಟು ನೇರವಾಗಿ ಮಾತಾಡಿದ್ದು ಕಮ್ಮಿ. ಅವಳು ಕೇಳಿದ್ದು ಇಷ್ಟೇ: “ಎಷ್ಟು ವಾರ?”

“ನಾಲ್ಕು.”

ಶಿಕಾರಿಪುರಕ್ಕೆ ಬರುವ ತನಕ ಅವಳು ಅಪ್ಪನ ಜೊತೆ ಮಾತಾಡಲಿಲ್ಲ. ಜೀಪಿನ ಹಿಂದಿನ ಸೀಟಿನಲ್ಲಿ ಹುಚ್ಚರಾಯಪ್ಪನ ಪಕ್ಕ ಕೂತು, ಅವನ ಮಂದ ಕಿವಿಗೆ ಕೇಳುವಷ್ಟು ಜೋರಾಗಿ, ರಾಜ್ಯಮಟ್ಟದ ಓಟಕ್ಕೆ ಎಷ್ಟು ಕೆಜಿಯಿಂದ ಶುರು ಮಾಡೋಣ ಅಂತ ಕೇಳುತ್ತಿದ್ದಳು.

ಮಗಳು ಜಿಲ್ಲಾ ತಂಡದಲ್ಲಿರುವುದು ಹುಚ್ಚರಾಯಪ್ಪನಿಂದ. ವೀರಬಸಪ್ಪನ ಮೇಲೆ ಅವನ ಋಣ ಇದೆ, ಅದನ್ನು ಇನ್ನೂ ತೀರಿಸಿಲ್ಲ.