ಡಯಲ್ ಮೇಲಿನ ಹೆಸರು

ಜಯನಗರದ ವೆಂಕಟಾಚಲಯ್ಯನವರ ಮನೆಗೆ ಹೋದವರು ಅಪ್ಪಿತಪ್ಪಿಯೂ ಗಂಟೆ ಎಷ್ಟೆಂದು ಕೇಳಬಾರದು. ಕೇಳಿದರೋ, ಬೀರುವಿನೊಳಗಿನ ಅಮೆರಿಕದ ಹಳೇ ಜೇಬುಗಡಿಯಾರಗಳೆಲ್ಲ ಮೆರವಣಿಗೆ ಹೊರಟು, ಕಾಫಿ ಆರಿ, ಊಟದ ಹೊತ್ತೇ ಆಗಿಬಿಡುತ್ತದೆ. "ಒಳಗಿನ ಮಷೀನು ದೊಡ್ಡ ಕಂಪನೀದು ಸಾರ್, ಅದನ್ನ ಯಾರು ಬೇಕಾದ್ರೂ ಹೇಳ್ತಾರೆ. ಡಯಲ್ ಮೇಲೆ ತನ್ನ ಹೆಸರು ಬರೆಸಿ ಮಾರಿದಾನಲ್ಲ ಊರಿನ ಅಂಗಡಿಯವನು, ಅವನ್ಯಾರು ಹೇಳಿ ನೋಡೋಣ!" ಎನ್ನುವುದು ಅವರ ಪಲ್ಲವಿ. ಆ ಹೆಸರಿನ ಬೆನ್ನು ಹತ್ತಿ ಅಲ್ಲಿನ ಲೈಬ್ರರಿಗಳಿಗೆ ಮೇಲ್ ಹಾಕುತ್ತಾರೆ, ಸ್ಮಶಾನದ ಫೋಟೋ ತರಿಸುತ್ತಾರೆ. ಅಂಗಡಿಯವನ ಹೆಂಡತಿ ಮಕ್ಕಳ ಹೆಸರು ತಿಳಿಯುವ ತನಕ ಗಡಿಯಾರಕ್ಕೆ ಕೀಲಿ ಕೊಡುವುದಿಲ್ಲ. "ನಮ್ಮ ಬೀಗರ ಹೆಸರೇ ಇವರಿಗೆ ನೆನಪಿರಲ್ಲ, ಅಮೆರಿಕದ ಅಯೋವಾದ ಸೊಸೆಯಂದಿರೆಲ್ಲ ಬಾಯಿಪಾಠ" ಎಂದು ಪತ್ನಿ ಅಲಮೇಲು ಛೇಡಿಸುತ್ತಾರೆ. ಈ ವರ್ಷ ಸಿಕ್ಕ ಹೆನ್ರಿ ಫಾಲ್ಕ್ ಎಂಬ ಅಂಗಡಿಯವನಿಗೆ ಮಾತ್ರ ಹೆಂಡತಿಯಿಲ್ಲ, ಮಕ್ಕಳಿಲ್ಲ, ಹೂತ ಜಾಗದಲ್ಲೊಂದು ಕಲ್ಲೂ ಇಲ್ಲ. ಹೆಸರು ಉಳಿದಿರುವುದು ಆ ಡಯಲ್ಲಿನಲ್ಲಷ್ಟೇ, ಅದೂ ಅರ್ಧ ಮಾಸಿದೆ. ತಾನೂ ಮರೆತರೆ ಆ ಮನುಷ್ಯ ಬದುಕಿದ್ದನೆಂಬುದೇ ಸುಳ್ಳಾಗುತ್ತದಲ್ಲ ಎಂಬ ಸಂಕಟಕ್ಕೆ ವೆಂಕಟಾಚಲಯ್ಯನವರಿಗೆ ಊಟ ಸೇರಲಿಲ್ಲ. ಮಹಾಲಯ ಅಮಾವಾಸ್ಯೆಯ ದಿನ ಅಪ್ಪ, ತಾತ, ಸೋದರಮಾವ ಎಲ್ಲರಿಗೂ ತರ್ಪಣ ಮುಗಿದ ಮೇಲೂ ಅವರು ಬೆರಳಿನ ದರ್ಭೆಯುಂಗುರ ತೆಗೆಯಲಿಲ್ಲ. "ಇನ್ನೊಬ್ರಿದಾರೆ. ಹೆನ್ರಿ ಫಾಲ್ಕ್" ಎಂದರು. ಪುರೋಹಿತರು ಕಕ್ಕಾಬಿಕ್ಕಿಯಾಗಿ, "ಗೋತ್ರ?" ಎಂದರು. "ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಅಂತ ನೀವೇ ಹೇಳಿದ್ರಲ್ಲ ಸ್ವಾಮಿ!" ಎಂದರು ವೆಂಕಟಾಚಲಯ್ಯ. ಅಲಮೇಲು ಒಳಗೆ ಹೋಗಿ ಇನ್ನೊಂದು ಹಿಡಿ ಎಳ್ಳು ತಂದಿಟ್ಟರು.