ತಂಗಡಿ ಗಿಡಕ್ಕೆ ಹಾಕಿದ ನೀರು

ಹೊನ್ನಾಳಿ ಸಂತೆಯಲ್ಲಿ ಮೊನ್ನೆ ಗೋಣಿಚೀಲದ ಮೇಲೆ ತಂಗಡಿ ಹೂವಿನ ರಾಶಿ ಕಂಡಿತು. ದೀಪಾವಳಿಗೆ ಸಗಣಿಯಲ್ಲಿ ಮಾಡಿಟ್ಟು ಪೂಜಿಸುವ ಹಟ್ಟಿ ಲಕ್ಕವ್ವನ ತಲೆಗೆ ಸಿಕ್ಕಿಸುವ ಹಳದಿ ಹೂ. ಒಂದು ಹಿಡಿ ಕೊಳ್ಳಲು ಬಗ್ಗಿದವಳು ಹಾಗೇ ನಿಂತುಬಿಟ್ಟೆ... ಜಗಳೂರಿನ ಓನರಮ್ಮ ನೆನಪಾದರು.

ಅಲ್ಲಿ ನಾನು ಹೊಸ ಟೀಚರು, ಅವರ ಮನೆಯಲ್ಲಿ ಬಾಡಿಗೆಗಿದ್ದೆ. ರಸ್ತೆ ಅಗಲ ಮಾಡಿದಾಗ ಊರ ಹೊರಗಿನ ತಂಗಡಿ ಗಿಡಗಳೆಲ್ಲ ಜೆಸಿಬಿಗೆ ಹೋಗಿದ್ದವು. ಓನರಮ್ಮ ಅಳಿದುಳಿದ ಕಾಯಿ ಆರಿಸಿ ತಂದು ಹಿತ್ತಲಲ್ಲಿ ಬೀಜ ಹಾಕಿದ್ದರು. ಬದುಕಿದ್ದು ಒಂದೇ. ಅದು ಎದೆಯುದ್ದ ಬೆಳೆದು ಮೊದಲ ಮೊಗ್ಗು ಹಿಡಿದಾಗ ಅವರ ಕಣ್ಣಿನ ಆಪರೇಷನ್ ನಿಗದಿಯಾಯಿತು. ದಾವಣಗೆರೆಯ ಮಗಳ ಮನೆಗೆ ಒಂದು ತಿಂಗಳಿಗೆಂದು ಹೊರಟವರು ಗಿಡವನ್ನು ನನಗೊಪ್ಪಿಸಿ, ಮಳೆ ಬಂದರೆ ಬಂತು, ಕೈನೀರು ಮಾತ್ರ ಬೇಡ ಎಂದು ಎರಡು ಸಲ ಹೇಳಿದರು.

ನಾನೋ ಸೂಳೆಕೆರೆ ನೀರು ಕುಡಿದು ಬೆಳೆದ ಬಸವಾಪಟ್ಟಣದವಳು. ನಮ್ಮ ಕಡೆ ಗಿಡದ ಮೇಲೆ ಪ್ರೀತಿ ಎಂದರೆ ನೀರು. ದಿನಾ ಒಂದು ಕೊಡ ಸುರಿದೆ. ವಾರದೊಳಗೆ ಎಲೆ ಹಳದಿಯಾದವು. ಗಾಬರಿಯಾಗಿ ಎರಡು ಕೊಡ ಹಾಕಿದೆ. ಮೊಗ್ಗು ಉದುರಿದವು... ಶಾಲೆಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಹಿತ್ತಲಿಗೆ ಓಡುತ್ತಿದ್ದೆ. ಒಂದು ದಿನ ಬುಡ ಮುಟ್ಟಿದರೆ ಮೆತ್ತಗೆ ಕೊಳೆತಿತ್ತು. ಅವತ್ತು ನೀರು ನಿಲ್ಲಿಸಿದೆ. ಅವರು ಬರುವ ದಿನ ಹತ್ತಿರವಾಯಿತು.

ಅಷ್ಟರಲ್ಲಿ ಮಣ್ಣು ಮತ್ತೆ ಒಣಗಿ ಬಿರುಕು ಬಿಟ್ಟಿತ್ತು, ಗಿಡ ಬರೀ ಕಡ್ಡಿಯಾಗಿತ್ತು. ಕಪ್ಪು ಕನ್ನಡಕದಲ್ಲಿ ಬಂದ ಓನರಮ್ಮ ಅದನ್ನು ಬೆರಳಿನಿಂದ ಸವರಿ ನೋಡಿದರು.

“ನೀರೇನಾರ ಹಾಕಿದ್ರೇನ್ರಿ ಟೀಚರಮ್ಮ?”

“ಇಲ್ಲಮ್ಮ, ನೀವೇ ಬ್ಯಾಡ ಅಂದಿದ್ರಲ್ಲ.”

ಸುಳ್ಳು ಅಷ್ಟು ಸಲೀಸಾಗಿ ಬಾಯಿಗೆ ಬಂತು. ಅವರು ಬಿರುಕು ಬಿಟ್ಟ ಮಣ್ಣನ್ನು ಮುಟ್ಟಿ ನೋಡಿದರು.

“ಹಂಗಾರೆ ತಪ್ಪು ನಂದೇ ಐತೆ. ಎಳೇ ಗಿಡ, ನೀರು ಹಾಕಾಕೆ ಹೇಳ್ಬೇಕಿತ್ತು.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮುಂದಿನ ಮಳೆಗಾಲಕ್ಕೆ ಅವರು ಉಳಿದ ಬೀಜವನ್ನೆಲ್ಲ ಹಾಕಿದರು. ಸಸಿಗಳೆದ್ದವು. ಈ ಸಲ ಬೆಳಿಗ್ಗೆ ಸಂಜೆ ಚೊಂಬು ಹಿಡಿದು, ಒಂದನ್ನೂ ಮರೆಯದೆ ನೀರು ಹಾಕಿದರು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ... ಒಂದೊಂದಾಗಿ ಎಲ್ಲ ಕೊಳೆತವು. ಅಷ್ಟರಲ್ಲಿ ನನಗೆ ವರ್ಗವಾಯಿತು.

ಸಂತೆಯಿಂದ ಬಂದವಳು ಧೈರ್ಯ ಮಾಡಿ ಫೋನ್ ಹಚ್ಚಿದೆ. ಎತ್ತಿದ್ದು ಮಗಳು. ಓನರಮ್ಮ ತೀರಿಕೊಂಡು ಮೂರು ವರ್ಷವಾಯಿತಂತೆ. ತಪ್ಪೊಪ್ಪಿಕೊಳ್ಳಲು ಈಗ ಅವರೇ ಇಲ್ಲ.

“ಅವ್ವ ನಿಮ್ಮನ್ನ ಭಾಳ ನೆನೆಸ್ತಿದ್ಲು ಮೇಡಂ,” ಎಂದಳು ಮಗಳು. “ಇಷ್ಟು ಮಂದಿ ಬಾಡಿಗೆಗೆ ಬಂದ್ರೂ ನನ್ನ ಮಾತು ಮೀರದೋಳು ಆ ಟೀಚರಮ್ಮ ಒಬ್ಬಳೇ ಅಂತಿದ್ಲು.”

ಮಗಳಿಗಾದರೂ ಹೇಳಬಹುದಿತ್ತು. ಹೌದಾ, ಎಂದಷ್ಟೇ ಅಂದೆ.